ಕಲ್ಲಿನ ರಿಂಕಿನಿಂದ 110 ಅಡಿಯ ಸ್ಟಿಕ್ಕಿನವರೆಗೆ

ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನ ಟಿಕೆಟ್ ಯಂತ್ರದಲ್ಲಿ ‘ಪ್ರಿನ್ಸ್‌ಟನ್ ಜಂಕ್ಷನ್’ ಒತ್ತಬೇಡಿ, ‘ಪ್ರಿನ್ಸ್‌ಟನ್’ ಒತ್ತಿ. ಜಂಕ್ಷನ್ ಇರುವುದು ಊರಾಚೆ. ಅಲ್ಲಿಂದ ಊರೊಳಕ್ಕೆ 2.7 ಮೈಲಿ ಓಡುವ ಪುಟ್ಟ ರೈಲಿಗೆ ‘ಡಿಂಕಿ’ ಎಂದು ಹೆಸರು. ಹತ್ತಿ ಕೂತು ಐದು ನಿಮಿಷಕ್ಕೆ ಇಳಿಯಬೇಕು. ಜಂಕ್ಷನ್ನಿಗಷ್ಟೇ ಟಿಕೆಟ್ ತೆಗೆದವರು ಈ ಐದು ನಿಮಿಷಕ್ಕೆ ಇನ್ನೊಂದು ಟಿಕೆಟ್ ತೆಗೆಯಬೇಕಾಗುತ್ತದೆ. ಎಡಿಸನ್ ಕಡೆ ಮನೆ ಮಾಡಿರುವ ಕನ್ನಡಿಗರಿಗಂತೂ ಇದು ದಿನನಿತ್ಯದ ಮಾರ್ಗವೇ. ನ್ಯೂಯಾರ್ಕಿನ ಆಫೀಸಿಗೆ ಹೋಗುವ ರೈಲನ್ನು ಬಿಟ್ಟು ಎದುರು ದಿಕ್ಕಿನದನ್ನು ಹತ್ತಿದರಾಯಿತು.

ಹಾಕಿ ಅಂದರೆ ನಮಗೆ ಕೊಡಗು ನೆನಪಾಗುತ್ತದೆ. ಇಲ್ಲಿಯವರಿಗೆ ಬರಿಯ ‘ಹಾಕಿ’ ಎಂದರೆ ಮಂಜುಗಡ್ಡೆಯ ಮೇಲಿನದು. ನಮ್ಮ ಆಟಕ್ಕೆ ‘ಫೀಲ್ಡ್’ ಎಂಬ ಬಾಲ ಸೇರಿಸುತ್ತಾರೆ. ಈ ಪ್ರವಾಸ ಮಂಜುಗಡ್ಡೆ ಹಾಕಿಯದು, ಅದರಲ್ಲೂ ಕಾಲೇಜು ಹಾಕಿಯದು. ಹಾಕಿಯ ದೊಡ್ಡ ಹಾಲ್ ಆಫ್ ಫೇಮ್ ಟೊರಾಂಟೊದಲ್ಲಿದೆ ಎಂದು ನೇರ ಅಲ್ಲಿಗೆ ಹೋಗುವವರೇ ಹೆಚ್ಚು. ಆದರೆ ಕಾಲೇಜಿನ ಆಟಗಾರರಿಗೆ ಸಲ್ಲುವ ಗೌರವ ಕಾಣುವುದು ಅವರು ಆಡಿದ ರಿಂಕುಗಳ (ಮಂಜುಗಡ್ಡೆಯ ಅಂಕಣಗಳ) ಗೋಡೆ, ಛಾವಣಿ, ಹೆಸರುಗಳಲ್ಲಿ. ಹಾಗಾಗಿ ದಾರಿ ನ್ಯೂಜೆರ್ಸಿಯಿಂದ ಶುರುವಾಗಿ ಮಿನ್ನೆಸೋಟದ ಗಣಿ ಊರೊಂದರಲ್ಲಿ ಮುಗಿಯುತ್ತದೆ.

ಡಿಂಕಿ ಇಳಿದು ಕ್ಯಾಂಪಸ್ಸಿನೊಳಗೆ ಹತ್ತು ಹದಿನೈದು ನಿಮಿಷ ನಡೆದರೆ ಹೋಬಿ ಬೇಕರ್ ರಿಂಕ್. ಹೊರಗಿನಿಂದ ಕಲ್ಲಿನ ಕಟ್ಟಡ. ಬೋರ್ಡು ಓದದಿದ್ದರೆ ಹಳೆಯ ಪ್ರಾರ್ಥನಾ ಮಂದಿರವೆಂದುಕೊಂಡು ಮುಂದೆ ಹೋಗಿಬಿಡಬಹುದು. 1923ರ ಜನವರಿಯಿಂದ ಇಲ್ಲಿ ಪಂದ್ಯಗಳು ನಡೆಯುತ್ತಿವೆ. ಹಿಡಿಸುವುದು ಎರಡು ಸಾವಿರ ಜನರ ಆಸುಪಾಸು. ಕಟ್ಟಿಸಲು ಹಣ ಕೊಟ್ಟವರಲ್ಲಿ ಪ್ರಿನ್ಸ್‌ಟನ್ನಿನವರ ಜೊತೆಗೆ ಹಾರ್ವರ್ಡ್, ಯೇಲ್ ಕಾಲೇಜುಗಳವರೂ ಇದ್ದರು. ಬೇಕರ್ ಯಾರನ್ನು ಸೋಲಿಸಲು ಮೂರು ವರ್ಷ ಬೆವರು ಹರಿಸಿದನೋ ಅವರೇ ಅವನ ಹೆಸರಿನ ಕಟ್ಟಡಕ್ಕೆ ಚಂದಾ ಹಾಕಿದರು. ಈ ಒಂದು ಸಂಗತಿ ಗೊತ್ತಿದ್ದು ಒಳಗೆ ಕಾಲಿಟ್ಟರೆ ರಿಂಕ್ ಬೇರೆಯೇ ಆಗಿ ಕಾಣುತ್ತದೆ.

ಹೋಬಿ ಎಂದೇ ಕರೆಸಿಕೊಂಡ ಹೋಬಾರ್ಟ್ ಬೇಕರ್ ಹುಟ್ಟಿದ್ದು 1892ರಲ್ಲಿ, ಪ್ರಿನ್ಸ್‌ಟನ್ ಮುಗಿಸಿದ್ದು 1914ರಲ್ಲಿ. ಆಗ ಒಂದೊಂದು ತಂಡಕ್ಕೆ ಏಳು ಜನ. ಏಳನೆಯವನು ‘ರೋವರ್’, ರಿಂಕಿನ ತುಂಬ ಎಲ್ಲಿ ಬೇಕೋ ಅಲ್ಲಿ ತಿರುಗುವವನು. ‘ಪಕ್’ ಎಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ. ಅದನ್ನು ಮುಂದಿನವನಿಗೆ ತಳ್ಳಿಕೊಡಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲವಾದ್ದರಿಂದ, ಪಕ್ ಸಿಕ್ಕವನು ತಾನೇ ಹೊತ್ತು ಎದುರಾಳಿಗಳ ನಡುವೆ ನುಸುಳಬೇಕಿತ್ತು. ಬೇಕರ್ ಎದ್ದು ಕಂಡಿದ್ದು ಇದೇ ಕಾರಣಕ್ಕೆ. ಶಾಲೆಯಲ್ಲಿದ್ದಾಗ ಕತ್ತಲಲ್ಲಿ ಕೆರೆಯ ಮಂಜಿನ ಮೇಲೆ ಅಭ್ಯಾಸ ಮಾಡಿ, ಪಕ್ ನೋಡದೆಯೇ ಸ್ಟಿಕ್ಕಿನ ತುದಿಯಲ್ಲಿ ಅದನ್ನು ಅರಿಯುವುದನ್ನು ಕಲಿತನೆಂದು ಹೇಳುತ್ತಾರೆ. ಹೆಲ್ಮೆಟ್ ಇಲ್ಲದ ಕಾಲ. ಅವನ ಹೊಂಬಣ್ಣದ ಕೂದಲು ಗ್ಯಾಲರಿಯ ಕೊನೆಯ ಸಾಲಿಗೂ ಕಾಣುತ್ತಿತ್ತು. ಈಗ ಅವನ ಹೆಸರಿನ ರಿಂಕಿನಲ್ಲಿ ಕಾಲೇಜು ಆಟಗಾರರೆಲ್ಲ ಮುಖ ಪೂರ್ತಿ ಮುಚ್ಚುವ ಜಾಲರಿ ಹಾಕಲೇಬೇಕು. ಹೊಸಬರು ಆಟಗಾರರನ್ನು ಗುರುತಿಸಲು ಒದ್ದಾಡುವುದು ಅದಕ್ಕೇ. ಬಾಗಿಲಲ್ಲಿ ತಂಡದ ಪಟ್ಟಿ ಇಸಿದುಕೊಂಡು ಬೆನ್ನಿನ ನಂಬರು ನೋಡುತ್ತ ಕೂರುವುದೊಂದೇ ದಾರಿ.

ಆ ಮೇಲೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ದುಡ್ಡು ಕೊಡುತ್ತೇನೆಂದರೂ ಅವನು ವೃತ್ತಿಪರ ಆಟಕ್ಕೆ ಇಳಿಯಲಿಲ್ಲ. ಮೊದಲ ಮಹಾಯುದ್ಧಕ್ಕೆ ವಿಮಾನ ಹಾರಿಸಲು ಹೋದ, ಒಂದು ಸ್ಕ್ವಾಡ್ರನ್ನಿಗೆ ಮುಖ್ಯಸ್ಥನಾದ, ವಿಮಾನಗಳಿಗೆ ಪ್ರಿನ್ಸ್‌ಟನ್ನಿನ ಕಿತ್ತಳೆ–ಕಪ್ಪು ಬಣ್ಣ ಬಳಿಸಿದ. ಯುದ್ಧ ಮುಗಿದು ಒಂದು ತಿಂಗಳ ಮೇಲಾಗಿತ್ತು. ಊರಿಗೆ ಮರಳುವ ಆದೇಶವೂ ಕೈಸೇರಿತ್ತು. 1918ರ ಡಿಸೆಂಬರ್ 21ರಂದು ಫ್ರಾನ್ಸಿನ ಟೂಲ್‌ನಲ್ಲಿ ರಿಪೇರಿಯಾದ ವಿಮಾನವೊಂದನ್ನು ಪರೀಕ್ಷಿಸಲು ಹಾರಿಸಿದಾಗ ಬಿದ್ದು ಸತ್ತ. ವಯಸ್ಸು 26.

ಈ ರಿಂಕಿನಲ್ಲಿ 1980ರ ದಶಕದಲ್ಲಿ ಆಡಿದ ಒಬ್ಬಳ ಹೆಸರೂ ಕಾಲೇಜು ಹಾಕಿಯಲ್ಲಿ ಉಳಿದಿದೆ: ಪ್ಯಾಟಿ ಕಾಜ್ಮೈಯರ್. ಅಪರೂಪದ ರಕ್ತದ ಕಾಯಿಲೆಯಿಂದ 1990ರಲ್ಲಿ 28ನೇ ವಯಸ್ಸಿಗೆ ತೀರಿಕೊಂಡಳು. ಮಹಿಳಾ ಕಾಲೇಜು ಹಾಕಿಯ ಅತ್ಯುನ್ನತ ಪ್ರಶಸ್ತಿಯನ್ನು 1998ರಿಂದ ಅವಳ ಹೆಸರಿನಲ್ಲಿ ಕೊಡುತ್ತಾರೆ. ಗಂಡಸರದು ಬೇಕರ್ ಹೆಸರಿನದು, ಹೆಂಗಸರದು ಕಾಜ್ಮೈಯರ್ ಹೆಸರಿನದು. ಎರಡು ಹೆಸರಿನ ಬೇರೂ ಒಂದೇ ಕಾಲೇಜಿನಲ್ಲಿದೆ.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರ. ಕಾಲೇಜು ಹಾಕಿ ಅಕ್ಟೋಬರ್ ಮೊದಲಿಗೆ ಶುರುವಾಗುತ್ತದೆಂದು ಓದಿ ಆಗಲೇ ಹೊರಟರೆ ಪ್ರಿನ್ಸ್‌ಟನ್ನಿನಲ್ಲಿ ಪಂದ್ಯ ಸಿಗದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಗುಂಪು ತಿಂಗಳ ಕೊನೆಗಷ್ಟೇ ಆಡಲು ಇಳಿಯುತ್ತದೆ. ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ನವೆಂಬರ್‌ನಿಂದ ಫೆಬ್ರವರಿಯ ನಡುವಿನ ವಾರಾಂತ್ಯವೇ ಸರಿ. ಗಾಜಿಗೆ ಒತ್ತಿಕೊಂಡ ಮೊದಲ ಸಾಲಿಗೆ ಆಸೆ ಪಡಬೇಡಿ: ಗಾಜಿನ ಮೇಲೆ ಪಕ್ ಬಡಿದ ಕರಿ ಗುರುತುಗಳು, ಕಾಲಿಗೆ ನೇರ ಥಂಡಿ, ಎದುರಿನ ಗೋಲು ಕಾಣುವುದೇ ಇಲ್ಲ. ಎಂಟು ಹತ್ತು ಸಾಲು ಮೇಲೆ, ನಡುಗೆರೆಯ ಎದುರಿಗೆ ಕೂರಬೇಕು. ಗೋಲಿನ ಹಿಂದೆ ಮಾತ್ರ ಬಲೆ ಕಟ್ಟಿರುತ್ತಾರೆ, ಪಕ್ಕಗಳಲ್ಲಿ ಇಲ್ಲ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರು, 156ರಿಂದ 170 ಗ್ರಾಂ ತೂಗುವ ಪಕ್ ಗಾಜು ಹಾರಿ ಬರುವುದುಂಟು. ಮೊಬೈಲ್ ನೋಡಬೇಕೆನಿಸಿದರೆ ಆಟ ನಿಂತಾಗ ನೋಡಿ.

ಫೋಟೊದವರಿಗೂ ಒಂದು ಮಾತು. ಬಿಳಿ ಮಂಜನ್ನು ಕಂಡ ಕ್ಯಾಮೆರಾ ಬೆಳಕು ಜಾಸ್ತಿಯಿದೆ ಎಂದು ಮೋಸಹೋಗಿ ಎಲ್ಲವನ್ನೂ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿಕೊಂಡರೆ ಬಿಳಿ ಬಿಳಿಯಾಗಿ ಬರುತ್ತದೆ.

ಬೇಕರ್ ಸಮಾಧಿ ಫಿಲಡೆಲ್ಫಿಯಾದ ಅಂಚಿನ ಬಾಲಾ ಕಿನ್‌ವಿಡ್‌ನಲ್ಲಿದೆ, ವೆಸ್ಟ್ ಲಾರೆಲ್ ಹಿಲ್ ಸ್ಮಶಾನದಲ್ಲಿ. ಪ್ರಿನ್ಸ್‌ಟನ್ನಿನಿಂದ ಟ್ರೆಂಟನ್, ಅಲ್ಲಿ ಸೆಪ್ಟಾ ರೈಲಿಗೆ ಬದಲಾಯಿಸಿ ಫಿಲಡೆಲ್ಫಿಯಾದ 30ನೇ ಬೀದಿ ಸ್ಟೇಷನ್. ಅಲ್ಲಿಂದ ಕಿನ್‌ವಿಡ್ ಕಡೆ ಲೋಕಲ್ ರೈಲು ಇದೆ, ಆದರೆ ಶನಿವಾರ ಭಾನುವಾರ ಓಡುವುದಿಲ್ಲ. ಪಂದ್ಯ ನೋಡಿ ವಾರಾಂತ್ಯದಲ್ಲಿ ಬಂದವರು ಸಿಕ್ಕಿಬೀಳುವುದು ಇಲ್ಲೇ. ಟ್ಯಾಕ್ಸಿ ಮಾಡಿಕೊಳ್ಳಿ. ಸ್ಮಶಾನ ಗುಡ್ಡದ ಇಳಿಜಾರಿನಲ್ಲಿ ದೊಡ್ಡದಾಗಿ ಹರಡಿಕೊಂಡಿದೆ. ಆಫೀಸು ತೆರೆದಿರುವ ಹೊತ್ತಿಗೆ ಹೋಗಿ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳದೆ ಹುಡುಕಲು ಹೊರಟರೆ ಅರ್ಧ ದಿನ ಹೋಗುತ್ತದೆ.

ಇಲ್ಲಿಂದ ಮಿನ್ನಿಯಾಪೊಲಿಸ್‌ಗೆ ವಿಮಾನ. ಆ ಸೀಮೆಯಲ್ಲೇ ಬೇಕರ್ ಹೆಸರಿನ ಪ್ರಶಸ್ತಿ ಹುಟ್ಟಿದ್ದು. ಅದರ ಹಿಂದಿದ್ದದ್ದು ಬ್ಲೂಮಿಂಗ್ಟನ್ನಿನ ಡೆಕಾಥ್ಲಾನ್ ಕ್ಲಬ್. 1981ರಲ್ಲಿ ಮೊದಲು ಪಡೆದವನು ಮಿನ್ನೆಸೋಟ ವಿಶ್ವವಿದ್ಯಾಲಯದ ನೀಲ್ ಬ್ರೋಟನ್. ಪ್ರಶಸ್ತಿಯ ಪ್ರತಿಮೆಗೆ ಮಾದರಿಯಾಗಿ ನಿಂತವನು ಬೇಕರ್ ಅಲ್ಲ, 1980ರ ಒಲಿಂಪಿಕ್ ಚಿನ್ನದ ತಂಡದಲ್ಲಿದ್ದ ಸ್ಟೀವ್ ಕ್ರಿಸ್ಟಾಫ್. ಆಯ್ಕೆ ಹೀಗೆ: ಕೋಚ್‌ಗಳು ಹೆಸರು ಸೂಚಿಸುತ್ತಾರೆ, ಹತ್ತು ಜನರ ಪಟ್ಟಿಯಾಗುತ್ತದೆ, ಅದು ಮೂವರಿಗೆ ಇಳಿಯುತ್ತದೆ. ಆ ಮೂವರಿಗೆ ‘ಹ್ಯಾಟ್‌ಟ್ರಿಕ್’ ಎಂದು ಹೆಸರು. ರಾಷ್ಟ್ರೀಯ ಸೆಮಿಫೈನಲ್ ಗುರುವಾರ, ಫೈನಲ್ ಶನಿವಾರ. ನಡುವಿನ ಶುಕ್ರವಾರ ಗೆದ್ದವನ ಹೆಸರು ಹೊರಬೀಳುತ್ತದೆ. ಈ ‘ಫ್ರೋಜನ್ ಫೋರ್’ ವರ್ಷಕ್ಕೊಂದು ಊರಿನಲ್ಲಿ ನಡೆಯುವುದರಿಂದ ಪ್ರಶಸ್ತಿ ನೋಡಲೆಂದೇ ಹೋಗುವವರು ಹೋಟೆಲನ್ನು ತಿಂಗಳುಗಳ ಮೊದಲೇ ಹಿಡಿಯಬೇಕು.

ನಿಯಮದ ಪ್ರಕಾರ ಆಟದ ಜೊತೆಗೆ ನಡತೆಗೂ ಓದಿಗೂ ತೂಕವಿದೆ. ಮೊದಲ ದಶಕದ ಪಟ್ಟಿಯಲ್ಲಿ ಅದು ಕಾಣುತ್ತದೆ: ಹಾರ್ವರ್ಡಿನ ಮಾರ್ಕ್ ಫಸ್ಕೊ (1983), ಅವನ ತಮ್ಮ ಸ್ಕಾಟ್ (1986), ಅದೇ ಕಾಲೇಜಿನ ಲೇನ್ ಮ್ಯಾಕ್‌ಡೊನಾಲ್ಡ್ (1989). ಆಮೇಲೆ ಗಾಳಿ ತಿರುಗಿದೆ. 1993ರಲ್ಲಿ ಮೇನ್ ವಿಶ್ವವಿದ್ಯಾಲಯದ ಪಾಲ್ ಕರಿಯ ಮೊದಲ ವರ್ಷದಲ್ಲೇ 39 ಪಂದ್ಯಗಳಲ್ಲಿ 100 ಅಂಕ (ಹೊಡೆದ ಗೋಲಿಗೂ ಗೋಲಿಗೆ ನೆರವಾದ ಪಾಸಿಗೂ ತಲಾ ಒಂದು) ಗಳಿಸಿ ಗೆದ್ದ. 2015ರಲ್ಲಿ ಐಕಲ್, 2023ರಲ್ಲಿ ಫ್ಯಾಂಟಿಲಿ, 2024ರಲ್ಲಿ 17 ವರ್ಷದ ಸೆಲೆಬ್ರಿನಿ, ಎಲ್ಲರೂ ಮೊದಲ ವರ್ಷದವರೇ. ಗೆದ್ದು ಅದೇ ವರ್ಷ ಕಾಲೇಜು ಬಿಟ್ಟುಹೋಗುವ ಹುಡುಗನ ‘ಕಾಲೇಜು ನಡತೆ’ಯನ್ನು ಅಳೆಯುವುದು ಹೇಗೆ? ಅಂಕಗಳೇ ಅಳತೆಗೋಲಾಗಿಬಿಟ್ಟಿವೆ ಎಂಬುದು ನಮ್ಮ ಅನಿಸಿಕೆ. ಗೋಲು ಕಾಯುವ ‘ಗೋಲಿ’ಗಳಿಗಂತೂ ಇದರಲ್ಲಿ ಜಾಗ ಕಡಿಮೆ: 2025ರವರೆಗೆ ಗೆದ್ದವರು ಮೂವರೇ. 1988ರಲ್ಲಿ ರಾಬ್ ಸ್ಟಾಬರ್, 2001ರಲ್ಲಿ ರಯನ್ ಮಿಲ್ಲರ್, 2022ರಲ್ಲಿ ಡ್ರೈಡನ್ ಮೆಕೇ. ಕಾರ್ನೆಲ್ಲಿನ ಮಹಾನ್ ಗೋಲಿ ಕೆನ್ ಡ್ರೈಡನ್ ಹೆಸರನ್ನೇ ಈ ಮೂರನೆಯವನಿಗೆ ಇಟ್ಟಿದ್ದರು.

ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ಹಿಡಿದು ಪೇಟೆಯಲ್ಲಿ ಗ್ರೀನ್ ಲೈನಿಗೆ ಬದಲಾಯಿಸಿ ಸ್ಟೇಡಿಯಂ ವಿಲೇಜ್‌ನಲ್ಲಿ ಇಳಿದರೆ ಮರಿಯುಚಿ ಅರೀನಾ ನಡೆಯುವ ದೂರ. ಜಾನ್ ಮರಿಯುಚಿ 1950, 60ರ ದಶಕಗಳಲ್ಲಿ ಇಲ್ಲಿಯ ಕೋಚ್. ಬೇರೆ ಕಾಲೇಜುಗಳು ವಯಸ್ಸಾದ ಕೆನಡಾ ಆಟಗಾರರನ್ನು ತುಂಬಿಕೊಳ್ಳುತ್ತಿದ್ದಾಗ ಸ್ಥಳೀಯ ಹುಡುಗರನ್ನೇ ಆಡಿಸುತ್ತೇನೆಂದು ಹಟ ಹಿಡಿದವನು. ಅವನ ಕೈಕೆಳಗೆ ಆಡಿದ ಜಾನ್ ಮಯಾಸಿಚ್ 111 ಪಂದ್ಯಗಳಲ್ಲಿ 144 ಗೋಲು, ಒಟ್ಟು 298 ಅಂಕ ಗಳಿಸಿದ. ಅವನ 8ನೇ ನಂಬರನ್ನು ಈ ತಂಡ ನಿವೃತ್ತಿಗೊಳಿಸಿದೆ, ಅಂದರೆ ಇನ್ನು ಯಾರೂ ಅದನ್ನು ತೊಡುವಂತಿಲ್ಲ. ಪಂದ್ಯದ ವಿರಾಮದಲ್ಲಿ ತಲೆಯೆತ್ತಿ ಹುಡುಕಿ. ಪಕ್ಕದಲ್ಲೇ ಇರುವ ರಿಡರ್ ಅರೀನಾ (2002) ಅಮೆರಿಕದಲ್ಲಿ ಮಹಿಳಾ ಕಾಲೇಜು ಹಾಕಿಗೆಂದೇ ಕಟ್ಟಿದ ಮೊದಲ ರಿಂಕ್. ಒಂದೇ ವಾರಾಂತ್ಯದಲ್ಲಿ ಎರಡೂ ಕಡೆ ಪಂದ್ಯವಿರುವ ದಿನ ಆರಿಸಿಕೊಂಡರೆ ಲಾಭ.

ಮರಿಯುಚಿ, ಮಯಾಸಿಚ್ ಇಬ್ಬರೂ ಎವೆಲೆತ್ ಎಂಬ ಒಂದೇ ಊರಿನವರು. ಅಲ್ಲಿಗೆ ಕಾರೇ ಬೇಕು: 35ನೇ ಹೆದ್ದಾರಿಯಲ್ಲಿ ಉತ್ತರಕ್ಕೆ, ಕ್ಲೋಕೆಟ್ ಬಳಿ 33, ಮುಂದೆ 53, ಒಟ್ಟು ಮೂರು ಗಂಟೆಯ ಮೇಲೆ. ಜನವರಿಯಲ್ಲಾದರೆ ಬಾಡಿಗೆ ಕಾರು ಕೈಗೆ ಬಂದ ಕೂಡಲೇ ಗಾಜು ತೊಳೆಯುವ ನೀರು ಯಾವುದೆಂದು ಕೇಳಿ. ಬೇಸಿಗೆಯದಾದರೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಮುಂದಿನ ಲಾರಿ ಎರಚಿದ ಉಪ್ಪುನೀರು ಗಾಜಿನ ಮೇಲೆ ಒಣಗಿದರೆ ರಸ್ತೆಯೇ ಕಾಣದು. ಮೈನಸ್ 29 ಡಿಗ್ರಿಗೆ ತಡೆಯುವ ದ್ರವ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಮೊಬೈಲನ್ನು ಒಳಜೇಬಿನಲ್ಲಿಡಿ, ಹೊರಗೆ ಹಿಡಿದರೆ ಬ್ಯಾಟರಿ ನೋಡನೋಡುತ್ತ ಕುಸಿಯುತ್ತದೆ. ಕ್ಯಾಮೆರಾ ಒಳಗೆ ತರುವ ಮುನ್ನ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ. ಇಲ್ಲದಿದ್ದರೆ ಬಿಸಿ ಕೋಣೆಯ ತೇವವೆಲ್ಲ ಲೆನ್ಸಿನ ಮೇಲೆ ಕೂರುತ್ತದೆ.

ಒಂದು ರಾತ್ರಿ ಡುಲೂತ್‌ನಲ್ಲಿ ಉಳಿಯುವುದಾದರೆ ದಾರಿ ಸ್ವಲ್ಪ ಸುತ್ತು, ಆದರೆ ನಷ್ಟವಿಲ್ಲ. ಸುಪೀರಿಯರ್ ಸರೋವರದ ಬಂದರಿನಲ್ಲೇ ಆಮ್ಸಾಯಿಲ್ ಅರೀನಾ. ಪಕ್ಕದಲ್ಲಿ ಹಳೆಯ ಅದಿರು ಹಡಗೊಂದನ್ನು ಮ್ಯೂಸಿಯಂ ಮಾಡಿ ಕಟ್ಟಿಹಾಕಿದ್ದಾರೆ. 1984ರ ಟಾಮ್ ಕುರ್ವರ್ಸ್‌ನಿಂದ 2020ರ ಸ್ಕಾಟ್ ಪೆರುನೊವಿಚ್‌ವರೆಗೆ ಇಲ್ಲಿಯ ಕಾಲೇಜಿನ ಆರು ಜನ ಹೋಬಿ ಬೇಕರ್ ಗೆದ್ದಿದ್ದಾರೆ.

ಡುಲೂತ್‌ನಿಂದ ಎವೆಲೆತ್‌ಗೆ 95 ಕಿಲೋಮೀಟರ್. ಕುದುರೆಮುಖ ನೋಡಿದವರಿಗೆ ಈ ಸೀಮೆಯ ಕೆಲಸ ಬೇಗ ಅರ್ಥವಾಗುತ್ತದೆ. ಅಲ್ಲಿಯಂತೆ ಇಲ್ಲಿಯೂ ಕಡಿಮೆ ದರ್ಜೆಯ ಮ್ಯಾಗ್ನೆಟೈಟ್ ಅದಿರು. ಅರೆದು, ಕಬ್ಬಿಣದ ಅಂಶ ಬೇರ್ಪಡಿಸಿ, ಗಾಜಿನ ಗೋಲಿಯಷ್ಟು ಗಾತ್ರದ ಉಂಡೆ ಕಟ್ಟಿ ಬಂದರಿಗೆ ಕಳಿಸುತ್ತಾರೆ. ಮೂರೂವರೆ ಸಾವಿರ ಜನರ ಈ ಗಣಿ ಊರಿನಿಂದಲೇ 1930ರ ದಶಕದಲ್ಲಿ ಬ್ರಿಮ್ಸೆಕ್, ಕರಾಕಸ್‌ನಂಥ ಗೋಲಿಗಳು ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ಗೆ ಹೋದರು. ಅವರ ಹಿಂದೆಯೇ ಹೋದ ಸ್ಯಾಮ್ ಲೊಪ್ರೆಸ್ಟಿ 1941ರಲ್ಲಿ ಒಂದೇ ಪಂದ್ಯದಲ್ಲಿ 83 ಹೊಡೆತಗಳಲ್ಲಿ 80ನ್ನು ತಡೆದ.

ಅಮೆರಿಕದ ಹಾಕಿ ಹಾಲ್ ಆಫ್ ಫೇಮ್ ಮ್ಯೂಸಿಯಂ 1973ರಲ್ಲಿ ಇಲ್ಲಿ ತೆರೆಯಿತು. ವಿಳಾಸವೇ ಹ್ಯಾಟ್‌ಟ್ರಿಕ್ ಅವೆನ್ಯೂ. ಅದರ ಮೊದಲ ಪಟ್ಟಿಯಲ್ಲೇ ಬೇಕರ್ ಇದ್ದಾನೆ, ಮರಿಯುಚಿಯೂ. ಮಯಾಸಿಚ್ 1976ರಲ್ಲಿ ಸೇರಿದ. ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭ ಈಗ ಬೇರೆ ಬೇರೆ ದೊಡ್ಡ ಊರುಗಳಲ್ಲಿ ನಡೆಯುತ್ತದೆ, ಅದನ್ನು ನೋಡಲು ಎವೆಲೆತ್‌ಗೆ ಬಂದವರಿಗೆ ನಿರಾಸೆಯೇ. ಚಳಿಗಾಲದಲ್ಲಿ ತೆರೆಯುವ ದಿನಗಳು ಬದಲಾಗುತ್ತವೆ. ಹಿಂದಿನ ದಿನ ಫೋನ್ ಮಾಡಿ ಕೇಳಿಯೇ ಹೊರಡಿ. ಎರಡು ಗಂಟೆ ಸಾಕು. ಟೊರಾಂಟೊದ ಥಳುಕು ಇಲ್ಲಿಲ್ಲ.

ಊರ ನಡುವೆ 110 ಅಡಿ ಉದ್ದದ, ಐದು ಟನ್ ತೂಕದ ಮರದ ಹಾಕಿ ಸ್ಟಿಕ್ ಇದೆ. 1995ರಲ್ಲಿ ನಿಲ್ಲಿಸಿದ್ದನ್ನು ತೆಗೆದು 2002ರಲ್ಲಿ ಇದನ್ನು ಇಟ್ಟರು. ಹತ್ತಿರ ನಿಂತರೆ ಬರೀ ಮರದ ತೊಲೆ. ಪೂರ್ತಿ ಚಿತ್ರಕ್ಕೆ ರಸ್ತೆ ದಾಟಿ ಹಿಂದೆ ಹೋಗಬೇಕು. ಹಿಪ್ಪೊಡ್ರೋಮ್ ಎಂಬ 1922ರ ರಿಂಕನ್ನೂ ನೋಡಿ. ಮಯಾಸಿಚ್ ಆಡಿದ ಇಲ್ಲಿಯ ಹೈಸ್ಕೂಲ್ ತಂಡ 1948ರಿಂದ 1951ರವರೆಗೆ ನಾಲ್ಕು ವರ್ಷ ಸತತ ರಾಜ್ಯ ಪ್ರಶಸ್ತಿ ಗೆದ್ದಿತು, 69 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಕೊನೆಯ ವರ್ಷದ ಟೂರ್ನಿಯೊಂದರಲ್ಲೇ ಅವನದು 15 ಗೋಲು.

ಊಟಕ್ಕೆ ಸಸ್ಯಾಹಾರಿಗಳು ಡುಲೂತ್‌ನಿಂದಲೇ ಬುತ್ತಿ ಕಟ್ಟಿಕೊಳ್ಳುವುದು ಒಳ್ಳೆಯದು. ಗಣಿಯವರ ತಿಂಡಿ ‘ಪಾಸ್ಟಿ’ ನೋಡಲು ದೊಡ್ಡ ಕರ್ಜಿಕಾಯಿ, ಒಳಗೆ ಸಾಮಾನ್ಯವಾಗಿ ದನದ ಮಾಂಸ. ಸ್ಲೊವೇನಿಯದವರು ತಂದ ‘ಪೊಟಿಟ್ಸ’ ಎಂಬ ಅಕ್ರೋಟಿನ ಸುರುಳಿ ರೊಟ್ಟಿ ಸಿಕ್ಕರೆ ಬಿಡಬೇಡಿ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಜನವರಿಯಲ್ಲಿ ಐದಕ್ಕೆಲ್ಲ ಕತ್ತಲು. ಜಿಂಕೆಗಳು 53ನೇ ಹೆದ್ದಾರಿಗೆ ಇಳಿಯುವುದು ಸಂಜೆಯಲ್ಲೇ, ಒಂದು ದಾಟಿದರೆ ಹಿಂದೆ ಇನ್ನೆರಡು ಇರುತ್ತವೆ. ಮೂರೂವರೆಗೆ ಊರು ಬಿಟ್ಟರೆ ಬೆಳಕಿರುವಾಗಲೇ ಡುಲೂತ್ ಸೇರಬಹುದು.