ಕಾರಿಲ್ಲದೆ ಬೆಟ್ಟ ಸುತ್ತುವುದು ಹೇಗೆ?

ನೆಂಟರು, ಗೆಳೆಯರು, ಕಚೇರಿಯವರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಕಾರಿಲ್ಲ, ಬೈಕಿಲ್ಲ. ಆದರೂ ರಜೆ ಬಂದರೆ ನಂದಿ, ಗುಡಿಬಂಡೆ, ಅಂತರಗಂಗೆ ಎಂದು ಹೊರಟುಬಿಡುತ್ತೀರಲ್ಲ, ಅದು ಹೇಗೆ?’ ಚಿಕ್ಕಬಳ್ಳಾಪುರದಲ್ಲಿ ಇದ್ದುಕೊಂಡು ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಎಷ್ಟೋ ಸಲ ಉತ್ತರ ಕೊಟ್ಟಿದ್ದೇನೆ. ಈಗ ಬರೆದೇ ಇಡುತ್ತೇನೆ.

ಮೊದಲು ನಮ್ಮ ಕಡೆಯ ರೈಲು ಹಳಿಯನ್ನು ನಕ್ಷೆಯಲ್ಲಿ ನೋಡಿ. ಯಲಹಂಕದಿಂದ ಹೊರಟು ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ ಅದು ಬಂಗಾರಪೇಟೆ ಸೇರುತ್ತದೆ. ಅಲ್ಲಿಂದ ಚೆನ್ನೈ ಮಾರ್ಗ ಹಿಡಿದರೆ ಮತ್ತೆ ಬೆಂಗಳೂರು. ಹಳೆಯ ಮೈಸೂರು ಸಂಸ್ಥಾನ 1910ರ ದಶಕದಲ್ಲಿ ಹಾಕಿದ ಕಿರುಹಳಿಯ ದಾರಿ ಇದು. ಚಿಕ್ಕಬಳ್ಳಾಪುರ ಮತ್ತು ಕೋಲಾರದ ನಡುವಿನ ಭಾಗ ಬ್ರಾಡ್‌ಗೇಜ್ ಆಗಿ ಓಡಾಟಕ್ಕೆ ತೆರೆದದ್ದು 2013ರಲ್ಲಿ. ನಂದಿಯ ಸಾಲು ಬೆಟ್ಟಗಳು ಈ ದಾರಿಯ ಒಂದು ತುದಿಗೆ, ಕೋಲಾರದ ಶತಶೃಂಗ ಬೆಟ್ಟ ಇನ್ನೊಂದು ತುದಿಗೆ. ನಡುವೆ ಕೈವಾರ, ಅಂಬಾಜಿದುರ್ಗ. ಹೋದ ದಾರಿಯಲ್ಲೇ ಹಿಂದಿರುಗದೆ ನಾಲ್ಕು ದಿನ ಸುತ್ತಬಹುದಾದ ಇಂಥ ದಾರಿ ಬೆಂಗಳೂರಿನ ಇಷ್ಟು ಹತ್ತಿರ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಕಾರಿನಲ್ಲಿ ಹೋದವರು ಕಾರು ನಿಲ್ಲಿಸಿದ ಜಾಗಕ್ಕೆ ಮರಳಲೇಬೇಕು. ಹತ್ತಿದ ದಾರಿಯಲ್ಲೇ ಇಳಿಯಬೇಕು. ಚೀಲ ಬೆನ್ನಿಗೆ ಹಾಕಿಕೊಂಡವರಿಗೆ ಆ ಕಟ್ಟು ಇಲ್ಲ. ಬೆಟ್ಟವನ್ನು ಒಂದು ಕಡೆಯಿಂದ ಹತ್ತಿ, ಇನ್ನೊಂದು ಕಡೆ ಇಳಿದು, ಮುಂದಿನ ಊರಿನ ಬಸ್ ಹಿಡಿದು ಹೋಗುತ್ತಲೇ ಇರಬಹುದು. ನನ್ನ ಯೋಜನೆಯೆಲ್ಲ ನಿಂತಿರುವುದು ಈ ಒಂದು ಸ್ವಾತಂತ್ರ್ಯದ ಮೇಲೆ.

ನಂದಿಯನ್ನೇ ನೋಡಿ. ವಾರಾಂತ್ಯದ ನಸುಕಿನಲ್ಲಿ ಬೆಟ್ಟದ ರಸ್ತೆಯಲ್ಲಿ ವಾಹನಗಳ ಸಾಲು ನಿಂತಿರುತ್ತದೆ. ಸೂರ್ಯೋದಯ ನೋಡಿ, ಫೋಟೊ ತೆಗೆದು, ತಿಂಡಿಯ ಹೊತ್ತಿಗೆ ಇಳಿದುಬಿಡುತ್ತಾರೆ. ರೈಲಿನಲ್ಲಿ ಬರುವವರಿಗೆ ಸೂರ್ಯೋದಯ ಸಿಗುವುದಿಲ್ಲ, ಅದನ್ನು ಬಿಟ್ಟುಬಿಡಿ ಎಂದು ನೇರವಾಗಿಯೇ ಹೇಳುತ್ತೇನೆ. ಅದಕ್ಕಿಂತ ದೊಡ್ಡದು ಸಿಗುತ್ತದೆ. ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ಶತಮಾನ ದಾಟಿದ ಪುಟ್ಟ ನಿಲ್ದಾಣ, ಈಚೆಗೆ ಜೀರ್ಣೋದ್ಧಾರಗೊಂಡಿದೆ. ಅಲ್ಲಿಂದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನಡೆದು ಹೋಗುವಷ್ಟೇ ದೂರ.

ಒಂಬತ್ತನೆಯ ಶತಮಾನದಷ್ಟು ಹಳೆಯ ಬೇರಿರುವ ದೇವಸ್ಥಾನ ಅದು. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು, ಒಬ್ಬರಾದ ಮೇಲೆ ಒಬ್ಬರು ಸೇರಿಸುತ್ತಾ ಬಂದಿದ್ದಾರೆ. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ಆ ನಡುವಿನ ಗುಡಿಯ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಸುತ್ತಲಿನ ಬೂದು ಕಲ್ಲಿನ ನಡುವೆ ಅವು ಎಣ್ಣೆ ಸವರಿದಂತೆ ಹೊಳೆಯುತ್ತವೆ. ಮೇಲಿಂದ ಕೆಳಗಿನವರೆಗೆ ಬಳ್ಳಿ, ಹಕ್ಕಿ, ದೇವದಂಪತಿಗಳ ಕೆತ್ತನೆ. ಕಣ್ಣನ್ನು ಹತ್ತಿರ ಒಯ್ದಷ್ಟೂ ಹೊಸದೊಂದು ಕಾಣಿಸುತ್ತದೆ. ಪಕ್ಕದ ಪ್ರಾಕಾರದಲ್ಲಿರುವ ಕಲ್ಯಾಣಿಗೆ ನಾಲ್ಕೂ ಕಡೆಯಿಂದ ಮೆಟ್ಟಿಲುಗಳು ಇಳಿಯುತ್ತವೆ.

ಸ್ಥಳದ ನಂಬಿಕೆಯಂತೆ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ. ವೈರಾಗ್ಯದ ಶಿವ ಬೆಟ್ಟದ ತುದಿಯಲ್ಲಿದ್ದಾನೆ, ಯೋಗನಂದೀಶ್ವರನಾಗಿ. ಆದ್ದರಿಂದ ಈ ಬೆಟ್ಟವನ್ನು ಕೆಳಗಿನಿಂದ ನಡೆದೇ ಹತ್ತಬೇಕು ಎಂಬುದು ನನ್ನ ಹಟ. ನೇರವಾಗಿ ಮೇಲಕ್ಕೆ ವಾಹನದಲ್ಲಿ ಹೋದವರಿಗೆ ಈ ಕಥೆಯ ಕೊನೆಯ ಪುಟ ಮಾತ್ರ ಸಿಗುತ್ತದೆ. ದೇವಸ್ಥಾನದಿಂದ ಸುಲ್ತಾನ್‌ಪೇಟೆಗೆ ನಡೆದರೆ ಅಲ್ಲಿಂದ ಹಳೆಯ ಕಲ್ಲಿನ ಮೆಟ್ಟಿಲುಗಳು ಶುರುವಾಗುತ್ತವೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಕೆಲವು ಕಡೆ ಸವೆದಿವೆ, ಕೆಲವು ಕಡೆ ಮೊಣಕಾಲೆತ್ತರ ಇವೆ. ಕುಳಿತು ಎದ್ದು ಹತ್ತಿದರೂ ಎರಡು ಗಂಟೆ ಸಾಕು. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿ ಹಿಡಿದ ಕೋಟೆ ಎಷ್ಟು ಕಡಿದಾದ ಬಂಡೆಯ ಮೇಲಿದೆ ಎಂಬುದು ಕಾಲಿಗೆ ಅರ್ಥವಾಗುವುದು ಈ ದಾರಿಯಲ್ಲಿಯೇ. ಮೇಲೆ 1,478 ಮೀಟರ್ ಎತ್ತರದಲ್ಲಿ ಅಮೃತ ಸರೋವರ, ಟಿಪ್ಪುವಿನ ಬೇಸಿಗೆ ಅರಮನೆ, 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಗಾಂಧೀಜಿ ತಂಗಿದ್ದ ಮನೆ. ಇಳಿಯುವಾಗ ಮೆಟ್ಟಿಲು ಬೇಡ, ಮಂಡಿಗೆ ಕಷ್ಟ. ಬೆಟ್ಟದ ಮೇಲಿನಿಂದ ಚಿಕ್ಕಬಳ್ಳಾಪುರಕ್ಕೆ ಸರ್ಕಾರಿ ಬಸ್ ಇದೆ, ಅದರಲ್ಲಿ ಕುಳಿತುಬಿಡಿ.

ಇನ್ನು ಬಸ್ಸಿನ ವಿಷಯ. ಎಲ್ಲರೂ ಯೋಜನೆ ಹಾಕುವುದು ಹೊರಡುವ ಹೊತ್ತಿನಿಂದ. ನಾನು ಹಿಂದಿರುಗುವ ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಬೆಟ್ಟದ ಬುಡದಿಂದ ಕೊನೆಯ ಬಸ್ ಐದೂವರೆಗೆ ಎಂದಿಟ್ಟುಕೊಳ್ಳಿ. ಅದಕ್ಕಿಂತ ಹಿಂದಿನ ಬಸ್ ನನ್ನ ಬಸ್, ಐದೂವರೆಯದು ಆಪತ್ತಿಗೆ. ಹಿಂದಿನದು ನಾಲ್ಕಕ್ಕಿದ್ದರೆ ಮೂರೂವರೆಗೆ ರಸ್ತೆಯಲ್ಲಿರಬೇಕು, ಇಳಿಯಲು ಒಂದೂವರೆ ಗಂಟೆ ಬೇಕಾದರೆ ಎರಡಕ್ಕೆ ತುದಿ ಬಿಡಬೇಕು. ಈ ಲೆಕ್ಕ ಕೈಯಲ್ಲಿದ್ದರೆ ಮೇಲೆ ಎಷ್ಟು ಹೊತ್ತು ಕುಳಿತರೂ ಆತಂಕವಿರುವುದಿಲ್ಲ.

ಹಳ್ಳಿಗಳಿಗೆ ಹೋಗುವವರು ನೈಟ್ ಹಾಲ್ಟ್ ಬಸ್ಸಿನ ಬಗ್ಗೆ ತಿಳಿದಿರಬೇಕು. ಸಂಜೆ ಹೊತ್ತಿಗೆ ಹಳ್ಳಿಗೆ ಬರುವ ಆ ಬಸ್ ರಾತ್ರಿ ಅಲ್ಲೇ ನಿಂತು, ಚಾಲಕ ನಿರ್ವಾಹಕರು ಅಲ್ಲೇ ಮಲಗಿ, ಬೆಳಗಿನ ಜಾವ ಪೇಟೆಗೆ ಹೊರಡುತ್ತದೆ. ‘ಕೊನೆಯ ಬಸ್ ಏಳಕ್ಕೆ’ ಎಂದು ಯಾರಾದರೂ ಹೇಳಿದರೆ ಅದು ಬರುವ ಬಸ್ಸೋ ಹೋಗುವ ಬಸ್ಸೋ ಎಂದು ಬಿಡಿಸಿ ಕೇಳಿ. ಕೇಳಬೇಕಾದವರು ಮೂವರು: ಬಸ್ ನಿಲ್ದಾಣದ ಸಂಚಾರ ನಿಯಂತ್ರಕರು, ನಿಮ್ಮನ್ನು ಇಳಿಸುವ ನಿರ್ವಾಹಕರು, ಇಳಿದ ಜಾಗದ ಟೀ ಅಂಗಡಿಯವರು. ಮೂವರ ಮಾತೂ ಕೂಡಿಬಂದರೆ ನಿಶ್ಚಿಂತೆಯಿಂದ ಹತ್ತಿ. ನಮ್ಮ ಕಡೆಯ ಹಳ್ಳಿ ಬಸ್ಸುಗಳ ವೇಳೆಯನ್ನು ಮೊಬೈಲ್ ನಕ್ಷೆ ನಂಬಿ ಕೂರುವುದು ಬೇಡ.

ರೈಲಿಗೆ ಲೆಕ್ಕ ಬೇರೆ. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ಅನುಕೂಲ ಪರವಾಗಿಲ್ಲ; ಅಲ್ಲಿಂದ ಕೋಲಾರದ ಕಡೆಗೆ ದಿನಕ್ಕೆ ಬೆರಳೆಣಿಕೆಯ ರೈಲುಗಳು. ಮೆಮು ಎಂಬ, ಹತ್ತಿರದ ಊರುಗಳ ನಡುವೆ ವಿದ್ಯುತ್ತಿನಲ್ಲಿ ಓಡುವ ಪ್ಯಾಸೆಂಜರ್ ರೈಲುಗಳಲ್ಲಿ ಕೆಲವು ಭಾನುವಾರ ಓಡುವುದಿಲ್ಲ. ಆದ್ದರಿಂದ ಹೊರಡುವ ಹಿಂದಿನ ದಿನ ರೈಲುಗಳ ಓಡಾಟ ತಿಳಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲಿ ಒಮ್ಮೆ ನೋಡಿ. ಮೆಮುವಿಗೆ ಮುಂಗಡ ಕಾಯ್ದಿರಿಸುವ ಗೋಜಿಲ್ಲ, ಕೌಂಟರಿನಲ್ಲಿ ಟಿಕೆಟ್ ತೆಗೆದುಕೊಂಡರಾಯಿತು. ರೈಲು ತಪ್ಪಿದರೆ ಬಸ್ ಇದ್ದೇ ಇದೆ. ಈ ಊರುಗಳ ನಡುವೆ ಸರ್ಕಾರಿ ಬಸ್ಸಿನ ಜೊತೆಗೆ ಖಾಸಗಿ ಬಸ್ಸುಗಳೂ ಓಡುತ್ತವೆ. ಕರ್ನಾಟಕದ ಹೆಣ್ಣುಮಕ್ಕಳಿಗಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಉಚಿತ. ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ನೀರು ತರಲು, ಸಂತೆಗೆ, ಆಸ್ಪತ್ರೆಗೆ ಎಂದು ಮಾತ್ರ ಊರು ಬಿಡುತ್ತಿದ್ದ ನಡುವಯಸ್ಸಿನ ಹೆಂಗಸರು ಗುಂಪು ಕಟ್ಟಿಕೊಂಡು ಬೆಟ್ಟದ ದೇವರಿಗೆ ಹೊರಟಿರುವುದನ್ನು ನಮ್ಮ ಬಸ್ ನಿಲ್ದಾಣದಲ್ಲಿ ಕಂಡಾಗ ನನಗೆ ತುಂಬ ಸಂತೋಷವಾಗುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಎರಡು ರಾತ್ರಿ ತಂಗಿ. ಊರಿಗೆ ಅಂಟಿಕೊಂಡಂತೆಯೇ ಇರುವ ಸ್ಕಂದಗಿರಿಗೆ, ಅಂದರೆ ಕಳವಾರ ದುರ್ಗಕ್ಕೆ, ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ನಸುಕಿನ ಸರದಿ ಸಿಕ್ಕರೆ ಆ ಹೊತ್ತಿಗೆ ಬಸ್ ಇರುವುದಿಲ್ಲ, ಹಿಂದಿನ ಸಂಜೆಯೇ ಆಟೊದವರಿಗೆ ಹೇಳಿಡಿ. ಆಟೊ ಹತ್ತಿದರೆ ವ್ರತ ಕೆಡುತ್ತದೆ ಎಂದು ನಾನು ಭಾವಿಸುವುದಿಲ್ಲ. ಮಧ್ಯಾಹ್ನ ಮುದ್ದೇನಹಳ್ಳಿಗೆ ಹೋಗಿ ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಮನೆ ಮತ್ತು ಅವರ ಸಮಾಧಿ ನೋಡಿ ಬರಬಹುದು.

ಸ್ಕಂದಗಿರಿಯ ಬದಲು ಗುಡಿಬಂಡೆಗೆ ಹೋಗುವುದಾದರೆ ಆ ಇಡೀ ದಿನವನ್ನು ಅದಕ್ಕೇ ಕೊಡಿ. ಪೇರೇಸಂದ್ರದ ಮೇಲೆ ಹೋಗುವ ಬಸ್. ಪಾಳೇಗಾರ ಬೈರೇಗೌಡನ ಕಾಲದ ಏಳು ಸುತ್ತಿನ ಕೋಟೆ, ದಾರಿಯುದ್ದಕ್ಕೂ ಮಳೆನೀರು ಹಿಡಿಯುವ ಬಂಡೆಯ ಕೊಳಗಳು, ಕೆಳಗೆ ಅಮಾನಿ ಬೈರಸಾಗರ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಬಂಡೆಯ ನೆತ್ತಿಯ ಮೇಲೆ ಬಿದ್ದ ಹನಿಯನ್ನೂ ಬಿಡದೆ ಕೂಡಿಟ್ಟ ಜನರ ಜಾಣ್ಮೆ ನೋಡಲಿಕ್ಕಾದರೂ ಈ ಬೆಟ್ಟ ಹತ್ತಬೇಕು.

ಮೂರನೆಯ ದಿನ ಚಿಂತಾಮಣಿಯ ಕಡೆಗೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳು ಕಿಟಕಿಯಲ್ಲಿ ಸಾಗುತ್ತವೆ. ಚಿಂತಾಮಣಿಯಿಂದ ಕೈವಾರಕ್ಕೆ ಬಸ್. ಕೈವಾರ ತಾತಯ್ಯನವರ ಮಠ, ಭೀಮ ಬಕಾಸುರನನ್ನು ಕೊಂದನೆಂದು ಹೇಳುವ ಬೆಟ್ಟ, ಅಂಬಾಜಿದುರ್ಗದ ಬಳಿ ಕೈಲಾಸಗಿರಿಯ ಗುಹಾಲಯ. ಮೇ ಜೂನ್‌ನಲ್ಲಿ ಹೋದರೆ ಮುಂದಿನ ಶ್ರೀನಿವಾಸಪುರದಲ್ಲಿ ಮಾವಿನ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ಆ ಬಿಸಿಲಿನಲ್ಲಿ ಬೆಟ್ಟ ಹತ್ತುವ ಮಾತು ಬೇಡ.

ಕೋಲಾರವನ್ನು ಬೆಂಗಳೂರಿನವರು ಹೆದ್ದಾರಿಯಲ್ಲಿ ದಾಟಿಹೋಗುವ ಊರು ಎಂದುಕೊಂಡಿದ್ದಾರೆ. ನನಗೆ ಅದು ಬೇಸರದ ವಿಷಯ. ಊರೊಳಗೇ ಕೋಲಾರಮ್ಮನ ಗುಡಿ, ವಿಜಯನಗರ ಕಾಲದ ಸೋಮೇಶ್ವರ ದೇವಸ್ಥಾನ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳಿನ ಭಯವಿಲ್ಲವೆಂದು ನಂಬಿಕೆ. ಕಾಣಿಕೆ ಹಾಕುವ ಹುಂಡಿ ನೆಲದಲ್ಲೇ ಇದೆ. ಊರಿಗೆ ಮೂರು ನಾಲ್ಕು ಕಿಲೋಮೀಟರ್ ದೂರದಲ್ಲಿ, ಶತಶೃಂಗ ಬೆಟ್ಟದಲ್ಲಿ ಅಂತರಗಂಗೆ. ಮರಗಳ ನೆರಳಿನ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಅದರ ಮುಂದಿನ ಕೊಳಕ್ಕೆ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆ ಬಾವಿಗಳ ಜಿಲ್ಲೆಯಿದು. ಇಲ್ಲಿನವರು ಆ ನೀರಿಗೆ ಏಕೆ ಕೈಮುಗಿಯುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ.

ಗುಡಿಯ ಮೇಲಕ್ಕೆ ಬಂಡೆಗಳು ಒಂದರ ಮೇಲೊಂದು ಉರುಳಿ ನಿಂತು ಆದ ಗವಿಗಳಿವೆ. ಮೈ ಓರೆ ಮಾಡಿ ನುಸುಳಬೇಕು, ಒಳಗೆ ಕತ್ತಲು. ದಾರಿ ಬಲ್ಲ ಸ್ಥಳೀಯರಿಲ್ಲದೆ ಇಳಿಯಬೇಡಿ. ಅದನ್ನೂ ದಾಟಿ ಮೇಲೆ ಹೋದರೆ ಬೆಟ್ಟದ ನೆತ್ತಿಯಲ್ಲಿ ತೇರಹಳ್ಳಿಯಂಥ ಊರುಗಳಿವೆ, ಹೊಲಗಳಿವೆ, ಮೇಯುವ ದನಗಳಿವೆ. ಏದುಸಿರು ಬಿಟ್ಟು ಹತ್ತಿದವರಿಗೆ ಅಲ್ಲಿ ರಾಗಿ ಹೊಲ ಎದುರಾಗುತ್ತದೆ!

ಸಮಯ ಉಳಿದರೆ ಬಂಗಾರಪೇಟೆಯಿಂದ ನೇರ ಬೆಂಗಳೂರಿಗೆ ಬರಬೇಡಿ. ಬಣ್ಣವಿಲ್ಲದ ತಿಳಿನೀರಿನ ಪಾನಿಪೂರಿ ತಿಂದು, ಮಾರಿಕುಪ್ಪಂ ರೈಲು ಹತ್ತಿ. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ, ನಿಲ್ದಾಣಗಳ ಹೆಸರೇ ಕೆಜಿಎಫ್‌ನ ಗಣಿಗಳನ್ನು ನೆನಪಿಸುತ್ತವೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಿರು ಅರೆದು ಸುರಿದ ಸಯನೈಡ್ ದಿಬ್ಬಗಳು ಇನ್ನೂ ಬೆಟ್ಟಗಳಂತೆ ನಿಂತಿವೆ. ಅವುಗಳ ಮೇಲೆ ಹತ್ತುವುದು ಬೇಡ, ಆ ಧೂಳು ಒಳ್ಳೆಯದಲ್ಲ. ಕೆಲಸ ಹುಡುಕಿ ಇವತ್ತಿಗೂ ಬೆಂಗಳೂರಿಗೆ ಹೋಗಿಬರುವ ಗಣಿ ಕುಟುಂಬಗಳ ಮಕ್ಕಳು ನಿಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ, ಮಾತನಾಡಿಸಿ.

ತುಮಕೂರಿನವರು ‘ನಮ್ಮ ಕಡೆಗೆ?’ ಎಂದು ಕೇಳುತ್ತಾರೆ. ಮಧುಗಿರಿಗೆ ರೈಲಿಲ್ಲ, ತುಮಕೂರಿನಿಂದ ಕೊರಟಗೆರೆ ಮೇಲೆ ಬಸ್. 3,930 ಅಡಿ ಎತ್ತರದ ಆ ಏಕಶಿಲೆಗೆ ಬೆಳಿಗ್ಗೆ ಬೇಗ ಹೋಗಬೇಕಾದ್ದರಿಂದ ಮಧುಗಿರಿಯಲ್ಲೇ ತಂಗುವುದು ಮೇಲು. ಗೌರಿಬಿದನೂರು ಮಾರ್ಗದಲ್ಲಿ ಮಾಕಳಿದುರ್ಗಕ್ಕೂ ವಿದುರಾಶ್ವತ್ಥಕ್ಕೂ ಅವುಗಳದೇ ನಿಲ್ದಾಣಗಳಿವೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿದ ನೆಲ ವಿದುರಾಶ್ವತ್ಥ. ಮಕ್ಕಳನ್ನು ಕರೆದುಕೊಂಡು ಹೋಗಿ.

ಕಾಲ ಯಾವುದು ಎಂದರೆ ನವೆಂಬರಿನಿಂದ ಫೆಬ್ರುವರಿ. ಮಾರ್ಚ್ ನಂತರ ನಮ್ಮ ಬಂಡೆಗಳು ಹತ್ತು ಗಂಟೆಗೇ ಕಾದು ಸುಡುತ್ತವೆ, ಮಳೆಯಲ್ಲಿ ಜಾರುತ್ತವೆ. ಒಬ್ಬೊಬ್ಬರಿಗೂ ಎರಡು ಮೂರು ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು ಬೇಕು. ಚಿರತೆ, ಕರಡಿ ಓಡಾಡುವ ಸೀಮೆಯಾದ್ದರಿಂದ ಮುಸ್ಸಂಜೆಗೆ ಮುಂಚೆ ಕೆಳಗಿರಬೇಕು.

ಮೊದಲ ಸಲ ಹೊರಡುವವರು ನಾಲ್ಕು ದಿನದ ಸುತ್ತಿಗೆ ಕೈಹಾಕಬೇಡಿ. ವಾರದ ನಡುವೆ ಒಂದು ರಜೆ ಹಾಕಿ, ಬೆಳಗಿನ ಮೆಮುವಿನಲ್ಲಿ ನಂದಿ ಹಾಲ್ಟ್‌ಗೆ ಬನ್ನಿ. ಭೋಗನಂದಿ ನೋಡಿ, ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಇಳಿಯಿರಿ. ಅಲ್ಲಿಂದ ಬೆಂಗಳೂರಿಗೆ ರಾತ್ರಿಯವರೆಗೂ ಬಸ್ ಸಿಗುತ್ತದೆ. ಅದು ಹಿತವೆನಿಸಿದರೆ ಕೋಲಾರದವರೆಗಿನ ದಾರಿಯನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ.