ಟಿನಿಯನ್‌ನಲ್ಲೊಂದು ಬ್ರಾಡ್‌ವೇ

ಸುಮ್ನೆ ಮ್ಯಾಪ್ ನೋಡುತ್ತಿದ್ದಾಗ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪ ಕಣ್ಣಿಗೆ ಬಿತ್ತು. ಪುಟ್ಟ ದ್ವೀಪ, ರಸ್ತೆಗಳ ಹೆಸರು ಮಾತ್ರ ಬ್ರಾಡ್‌ವೇ, ಎಯ್ತ್ ಅವೆನ್ಯೂ! 1944ರಲ್ಲಿ ಜಪಾನಿನಿಂದ ಇದನ್ನು ಗೆದ್ದುಕೊಂಡ ಅಮೆರಿಕನ್ನರಿಗೆ ಇದರ ಆಕಾರ ನ್ಯೂಯಾರ್ಕಿನ ಮ್ಯಾನ್‌ಹಟನ್ ತರಾನೇ ಕಂಡಿತಂತೆ, ಅದಕ್ಕೇ ಅಲ್ಲಿನ ಬೀದಿಗಳ ಹೆಸರನ್ನೇ ಇಟ್ಟರು. ನೌಕಾಪಡೆಯ ಸೀಬೀಸ್ ಎಂಬ ನಿರ್ಮಾಣ ತುಕಡಿಗಳು ಹವಳದ ಕಲ್ಲು ಒಡೆದು ಹಾಸಿ, ಉತ್ತರದ ತುದಿಯಲ್ಲಿ ಬಿ-29 ಬಾಂಬರ್ ವಿಮಾನಗಳಿಗಾಗಿ ನಾಲ್ಕು ರನ್‌ವೇ ಕಟ್ಟಿದವು. ಒಂದೊಂದೂ ಸುಮಾರು ಎರಡೂವರೆ ಕಿಲೋಮೀಟರ್ ಉದ್ದ.

1945ರ ಆಗಸ್ಟ್ 6ರ ನಸುಕಿನಲ್ಲಿ ಅಣುಬಾಂಬ್ ಹೊತ್ತ ಎನೋಲಾ ಗೇ ವಿಮಾನ ಹಿರೋಶಿಮಾಗೆ ಹೊರಟಿದ್ದು ಇಲ್ಲಿಂದಲೇ. ಬಾಂಬ್ ಎಷ್ಟು ದಪ್ಪ ಅಂದರೆ ವಿಮಾನದ ಅಡಿಗೆ ತೂರಿಸಲು ಜಾಗವೇ ಇರಲಿಲ್ಲ. ನೆಲದಲ್ಲಿ ಗುಂಡಿ ತೋಡಿ, ಬಾಂಬನ್ನು ಅದರೊಳಗೆ ಇಳಿಸಿ, ವಿಮಾನವನ್ನು ಮೇಲೆ ತಂದು ನಿಲ್ಲಿಸಿ, ಆಮೇಲೆ ಮೇಲಕ್ಕೆತ್ತಿದರು. ಎಷ್ಟು ಸಾದಾ ಉಪಾಯ, ಅಲ್ವಾ? ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಅಷ್ಟು ದೂರ ಬಂದ ಹುಡುಗರು ತಮ್ಮೂರಿನ ಬೀದಿ ಹೆಸರು ಇಟ್ಟುಕೊಂಡಿದ್ದು ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೂ ಮುಂಚೆ ಇಲ್ಲೆಲ್ಲ ಕಬ್ಬಿನ ಗದ್ದೆ ಇತ್ತು. ಅದರಲ್ಲಿ ದುಡಿಯುತ್ತಿದ್ದ ಒಕಿನಾವಾ, ಜಪಾನಿ, ಕೊರಿಯನ್ ಕುಟುಂಬಗಳು ಅದೇ ಹೊತ್ತಿಗೆ ಬೇಲಿ ಹಾಕಿದ ಶಿಬಿರದಲ್ಲಿದ್ದವು. ಅವರಿಗೆ ಬ್ರಾಡ್‌ವೇ ಕಟ್ಟಿಕೊಂಡು ಏನಾಗಬೇಕಿತ್ತು?

ಅಂದ ಹಾಗೆ, ಕಾಡು ಬೆಳೆದು ಮುಚ್ಚಿಹೋಗಿದ್ದ ಆ ರನ್‌ವೇಗಳನ್ನು ಅಮೆರಿಕದ ವಾಯುಪಡೆ ಈಚೆಗೆ ಮತ್ತೆ ಸಜ್ಜುಗೊಳಿಸತೊಡಗಿದೆ. ಈ ಸಲ ಚೀನಾ ಕಡೆ ಕಣ್ಣು.