ಸಂಪಿನಲ್ಲಿ ಹದಿನಾಲ್ಕು ಇಂಚು ನೀರು

ಹನ್ನೆರಡು ಮನೆ, ನಲವತ್ತು ಜನ, ಒಂದೇ ಸಂಪು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥ ಕಟ್ಟಡ ಕಣ್ಣಿಗೆ ಬೀಳುತ್ತದೆ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಎಷ್ಟು ತಟ್ಟುತ್ತದೆ ಅನ್ನುವುದು ಇಲ್ಲಿ ಏಪ್ರಿಲ್ ತಿಂಗಳಲ್ಲಿ ಗೊತ್ತಾಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ಗೊತ್ತುಮಾಡಬೇಕಾಯಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000.

ನೀರು ಕಡಿಮೆಯಾದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಿಡುವುದು. ಇದು ಕೈಕೊಡುತ್ತದೆ. ಮತ್ತೆ ಯಾವಾಗ ಬರುತ್ತೋ ಅನ್ನುವ ಭಯಕ್ಕೆ ಡ್ರಮ್ಮು, ಬಕೆಟ್, ಕುಕ್ಕರ್ ತನಕ ತುಂಬಿಸಿ, ಮರುದಿನ ಹಳೇ ನೀರೆಂದು ಚೆಲ್ಲುತ್ತಾರೆ. ಅದರ ಮೇಲೆ, ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ನೆಲಮಹಡಿಯ ನಲ್ಲಿಯಲ್ಲಿ ಸುಮಾರು 40 ಅಡಿ ನೀರಿನ ಒತ್ತಡ, ಮೇಲಿನ ಮಹಡಿಯಲ್ಲಿ ಬರೀ 10 ಅಡಿ. ಎಲ್ಲರೂ ಒಟ್ಟಿಗೆ ತಿರುಗಿಸಿದರೆ ಮೇಲಿನವರಿಗೆ ದಾರದಷ್ಟು ಸಣ್ಣ ಧಾರೆ. ಕೆಳಗಿನವರು ಕೆಟ್ಟವರೆಂದಲ್ಲ, ಅವರಿಗೆ ಅದು ಕಾಣುವುದೇ ಇಲ್ಲ.

ಕೆಳಮಹಡಿಗಳಿಗೆ ಇಳಿಯುವ ಪೈಪಿಗೆ ಗೇಟ್ ವಾಲ್ವ್ ಹಾಕಿಸಿ. 15 ಲೀಟರಿನ ಬಕೆಟ್ ನೆಲಮಹಡಿ, ಮೇಲಿನ ಮಹಡಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬುವವರೆಗೆ ವಾಲ್ವ್ ಬಿಗಿ ಮಾಡುತ್ತಾ ಹೋಗಿ. ಮೇಲಿನ ಬಕೆಟನ್ನು ಕೆಳಮನೆಯವರೇ ಹೋಗಿ ಹಿಡಿಯಲಿ. ಹತ್ತು ಮೀಟಿಂಗಿನಲ್ಲಿ ಆಗದ ಕೆಲಸ ಆ ಐದು ನಿಮಿಷದಲ್ಲಿ ಆಗುತ್ತದೆ.

ಇನ್ನು ಲೆಕ್ಕ. ಮನೆಮನೆಗೂ ಮೀಟರ್ ಅಂದರೆ ಹಳೇ ಕಟ್ಟಡಗಳಲ್ಲಿ ಸುಲಭವಲ್ಲ. ಅಡುಗೆಮನೆ, ಬಚ್ಚಲು, ಶೌಚಾಲಯಕ್ಕೆ ಬೇರೆಬೇರೆ ಪೈಪ್ ಇಳಿದಿರುತ್ತವೆ, ಒಂದೊಂದು ಮನೆಗೆ ಮೂರು ಮೀಟರ್ ಬೇಕು. ಅಲ್ಲಿಯವರೆಗೆ ಒಂದು ಕೋಲು ಸಾಕು. 10×8 ಅಡಿಯ ಸಂಪಿನಲ್ಲಿ ಒಂದು ಇಂಚು ನೀರೆಂದರೆ ಸುಮಾರು 189 ಲೀಟರ್. ದಿನಾ ಬೆಳಿಗ್ಗೆ ಕೋಲು ಇಳಿಸಿ, ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಬರೆಯಿರಿ: ‘ಇವತ್ತು 14 ಇಂಚು, ಅಂದರೆ 2,600 ಲೀಟರ್.’ ತಲೆಗೆ 65 ಲೀಟರ್ ಎಂದು ಮಕ್ಕಳೂ ಲೆಕ್ಕ ಹಾಕುತ್ತಾರೆ. ನಗರಗಳಿಗೆ ಮಾನದಂಡವಾಗಿ ಹಿಡಿಯುವ, ದಿನಕ್ಕೆ ತಲೆಗೆ 135 ಲೀಟರಿನಲ್ಲಿ ಇದು ಅರ್ಧಕ್ಕೂ ಕಡಿಮೆ. ಪಾಲನ್ನು ಮನೆಗಿಷ್ಟು ಎನ್ನದೆ ತಲೆಗಿಷ್ಟು ಎಂದು ಹಿಡಿಯಿರಿ. ಹಸುಗೂಸು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ ಮೊದಲೇ ಹೆಚ್ಚು ಪಾಲು ಎತ್ತಿಡಿ. ಕಾಯಿಲೆಯ ವಿಷಯ ಎಲ್ಲರೆದುರು ಹೇಳಿ ಅವರು ನೀರು ಬೇಡುವಂತಾಗಬಾರದು.

ರಾತ್ರಿ 11ಕ್ಕೂ ಬೆಳಿಗ್ಗೆ 5ಕ್ಕೂ ಓವರ್‌ಹೆಡ್ ಟ್ಯಾಂಕಿನ ಮಟ್ಟ ನೋಡಿ. ಎಲ್ಲರೂ ಮಲಗಿದ್ದಾಗ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ. ಫ್ಲಶ್ ಮಾಡದೆಯೂ ಅರ್ಧ ಗಂಟೆಯಲ್ಲಿ ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಹೋಗಿದೆ. ಸೋರುವ ಮನೆಯ ನಂಬರನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಲೇಬೇಡಿ. ಮಾನ ಹೋದವರು ಮತ್ತೆ ಯಾವ ಸಭೆಗೂ ಬರುವುದಿಲ್ಲ. ಮೊದಲು ಬಾಗಿಲ ಬಳಿ ಒಂದು ಮಾತು, ಆಮೇಲೂ ಸರಿಮಾಡಿಸದಿದ್ದರೆ ಸಣ್ಣ ದಂಡ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್, ನೀರು, ಕಾಡು, ಮೀನುಗಾರಿಕೆಯನ್ನು ಜನರೇ ಕೂಡಿ ಕಾಪಾಡಿಕೊಂಡ ಕಡೆಗಳಲ್ಲಿ ಕಂಡದ್ದೂ ಇದನ್ನೇ: ನಿಯಮ ಬಳಸುವವರೇ ಮಾಡಿದ್ದು, ಶಿಕ್ಷೆ ಚಿಕ್ಕದರಿಂದ ಶುರು.

ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ. ತೂಬು ಎತ್ತಿ, ಗದ್ದೆಗದ್ದೆಗೂ ಸರದಿ ಪ್ರಕಾರ ನೀರು ಹಾಯಿಸಿ, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ. ಹೆಚ್ಚಿನವರು ದಲಿತರು. ಊರಿಗೆಲ್ಲ ನೀರು ಹಂಚಿದ ಆ ಕೈ ಎಷ್ಟೋ ಊರುಗಳಲ್ಲಿ ಮೇಲುಜಾತಿಯವರ ಬಾವಿ ಹಗ್ಗ ಮುಟ್ಟುವಂತಿರಲಿಲ್ಲ. ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಕರುಳಿರಲಿಲ್ಲ.

ಆದ್ದರಿಂದ ಪಾಲಿನ ಲೆಕ್ಕ ಗೇಟಿನ ಒಳಗೇ ಮುಗಿಯಬಾರದು. ಪಾತ್ರೆ ತೊಳೆಯಲು ಬರುವ ಅಕ್ಕನ ಬೀದಿಗೂ ನಲ್ಲಿನೀರು ಗೊತ್ತಾದ ಹೊತ್ತಿಗೇ ಬರುತ್ತದೆ. ‘ಏಳಕ್ಕೇ ಬಾ, ನಮಗೆ ಆಗಲೇ ನೀರು ಬಿಡೋದು’ ಅಂದರೆ ಅವರ ಕೊಡ ಖಾಲಿ. ‘ಅಕ್ಕಾ, ನಿಮ್ಮ ಕಡೆ ನೀರು ಎಷ್ಟೊತ್ತಿಗೆ ಬರುತ್ತೆ?’ ಎಂದು ಮೊದಲು ಕೇಳಿ, ಆಮೇಲೆ ಅವರು ಕೆಲಸಕ್ಕೆ ಬರುವ ಹೊತ್ತು ಗೊತ್ತುಮಾಡಿ.